ನಮ್ಮ ‘ಹೂಂ’ ನಮಗೆ ವಾಪಸು ಕೊಡಿ

ಸಮುದಾಯ ಸಹಭಾಗಿತ್ವದ ನೆರವು ಯೋಜನೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಇವತ್ತು ನನಗೆ ಉಪವಾಸ. ಎದ್ದು ಬಾಗಿಲ ಮುಂದೆ ಗುಡಿಸಿ, ಕೊಡ ತುಂಬಿ, ದೇವರಿಗೆ ದೀಪ ಹಚ್ಚಿ, ಯಜಮಾನರಿಗೆ ತಿಂಡಿ ಮಾಡಿ ಮುಚ್ಚಿಟ್ಟು, ಈಗ ಅವರ ಹೊಲಿಗೆ ಮೇಜಿನ ಮೂಲೆಯಲ್ಲಿ ಕಾಗದ ಹರವಿಕೊಂಡು ಕೂತಿದ್ದೇನೆ. ಉಪವಾಸದ ದಿನ ನಾನು ಯಾರಿಗೂ ಶಾಪ ಹಾಕುವುದಿಲ್ಲ. ಚಿಕ್ಕಂದಿನಿಂದ ನಡೆಸಿಕೊಂಡು ಬಂದ ನೇಮ. ಬೇಕೆಂತಲೇ ಈ ದಿನ ಆರಿಸಿಕೊಂಡೆ. ನಿನ್ನೆ ಬರೆದಿದ್ದರೆ ಈ ಪತ್ರವನ್ನು ಯಾವ ಪತ್ರಿಕೆಯವರೂ ಅಚ್ಚು ಹಾಕುತ್ತಿರಲಿಲ್ಲ.

ನನ್ನ ದೂರು ದೊಡ್ಡದೇನಲ್ಲ. ನಮ್ಮ ಓಣಿಯ ಹೆಂಗಸರು ಕೊಡದೇ ಇದ್ದ ಒಪ್ಪಿಗೆಯನ್ನು ತಾವು ಬರೆದುಕೊಂಡಿರಿ. ಅವರು ಕೇಳಿದ ಪ್ರಶ್ನೆಯನ್ನು ಬರೆದುಕೊಳ್ಳಲಿಲ್ಲ. ಈ ನಡುವೆ ಒಂದು ಮಗುವಿನ ಕೈ ಬೆಂದುಹೋಯಿತು. ಇಷ್ಟೇ. ಮುಂದಿನದನ್ನು ಓದಲು ಪುರುಸೊತ್ತಿಲ್ಲದಿದ್ದರೆ ತಾವು ಇಲ್ಲಿಗೇ ನಿಲ್ಲಿಸಬಹುದು. ಅರ್ಧ ಕೇಳಿ ಎದ್ದು ಹೋಗುವುದು ತಮಗೆ ಹೊಸದಲ್ಲ.

ನಮ್ಮ ಓಣಿ ತಮಗೆ ಮರೆತಿರಬಹುದು. ತಮ್ಮ ಕಾರು ಒಳಗೆ ಬಾರದೆ ತಿರುವಿನಲ್ಲೇ ನಿಂತಿತ್ತಲ್ಲ, ಅದೇ ಓಣಿ. ಇಲ್ಲಿಯ ಹೆಂಗಸರೆಲ್ಲ ಸಗಟು ಮಾರುಕಟ್ಟೆಯಲ್ಲಿ ದುಡಿಯುವವರು. ಲಾರಿಯಿಂದ ಇಳಿದ ಈರುಳ್ಳಿ, ಟೊಮ್ಯಾಟೊ, ಮೆಣಸಿನಕಾಯಿಯನ್ನು ಆರಿಸುವುದು, ಕೊಳೆತದ್ದನ್ನು ಬೇರೆ ಮಾಡುವುದು, ಅಂಗಡಿ ತೆರೆಯುವ ಹೊತ್ತಿಗೆ ನೆಲ ಗುಡಿಸುವುದು ಅವರ ಕೆಲಸ. ಕತ್ತಲಿರುವಾಗಲೇ ಹೋಗುತ್ತಾರೆ, ಬಿಸಿಲೇರುವ ಹೊತ್ತಿಗೆ ಮನೆಗೆ ಬರುತ್ತಾರೆ. ಹೋಗುವಾಗ ಮಕ್ಕಳನ್ನು ನಿದ್ದೆಗಣ್ಣಲ್ಲೇ ಹೊತ್ತು ತಂದು ನನ್ನ ಜಗಲಿಯ ಮೇಲೆ ಮಲಗಿಸುತ್ತಿದ್ದರು. “ದೊಡ್ಡಮ್ಮಾ, ಬಿಟ್ಟಿದ್ದೀನಿ” ಅಂದರೆ ಒಳಗಿನಿಂದ “ಹೂಂ” ಅನ್ನುತ್ತಿದ್ದೆ. ನಮ್ಮ ಯಜಮಾನರು ದರ್ಜಿ. ಅವರ ಮಿಷನ್ನಿನ ಸದ್ದಿಗೆ ಕೂಸುಗಳು ಇನ್ನೊಂದು ಸುತ್ತು ನಿದ್ದೆ ಮಾಡುತ್ತಿದ್ದವು. ಮಿಷನ್ ನಿಂತರೆ ಏಳುತ್ತಿದ್ದವು. ಅದಕ್ಕೇ ಅವರು ಬಟ್ಟೆ ಇಲ್ಲದ ದಿನವೂ ಸುಮ್ಮನೆ ಚಕ್ರ ತುಳಿಯುತ್ತಿದ್ದರು. ಇದು ಯೋಜನೆಯಲ್ಲ, ಕಾರ್ಯಕ್ರಮವಲ್ಲ, ಸೇವೆಯೂ ಅಲ್ಲ. ಜಗಲಿ ಖಾಲಿ ಇತ್ತು, ಮಕ್ಕಳಿದ್ದವು.

ಇಂಥಲ್ಲಿಗೆ ತಾವು ಬಂದಿರಿ. ಶಾಲೆಯ ಹಾಲಿನಲ್ಲಿ ಸಭೆ ಮಾಡಿದಿರಿ. ತಮ್ಮ ಹಿಂದೆ ಬ್ಯಾನರು: ‘ಯೋಜನೆ ನಮ್ಮದಲ್ಲ, ನಿಮ್ಮದು’. ಓದಿ ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ನೀರು ಬೇಕೆ ಅಂತ ಕೇಳದೆ ನಲ್ಲಿ ಹಾಕಿಸಿದವರನ್ನು, ದಾರಿ ಯಾವುದು ಅಂತ ಕೇಳದೆ ಮೆಟ್ಟಿಲು ಕಟ್ಟಿಸಿದವರನ್ನು ನೋಡಿದ್ದೆವು. ಕೇಳಿ ಮಾಡುವವರು ಬಂದಿದ್ದಾರೆ ಅಂದುಕೊಂಡೆವು. ಮಕ್ಕಳ ಆರೈಕೆ ಕೇಂದ್ರ ಕಟ್ಟುತ್ತೀವಿ ಅಂದಿರಿ. ಹೂಂ ಅಂದೆವು. ಆಟದ ಸಾಮಾನು ಕೊಡ್ತೀವಿ ಅಂದಿರಿ. ಹೂಂ ಅಂದೆವು. ತರಬೇತಿ ಆದವರೇ ನೋಡ್ಕೊಳ್ತಾರೆ, ಮನೆಮನೇಲಿ ಮಕ್ಕಳನ್ನ ಕೂಡಿಹಾಕೋದು ಇನ್ನು ನಿಲ್ಲುತ್ತೆ ಅಂದಿರಿ. ಅದಕ್ಕೂ ಹೂಂ ಅಂದೆವು.

ಇಲ್ಲೇ ತಾವು ಎಡವಿದ್ದು. ಎಡವಿದಿರೋ, ಗೊತ್ತಿದ್ದೇ ಹೆಜ್ಜೆ ಇಟ್ಟಿರೋ, ಅದು ತಮಗೂ ದೇವರಿಗೂ ಬಿಟ್ಟದ್ದು.

ತಾವೂ ನಮ್ಮ ಮಾತನ್ನೇ ಆಡುವವರು. ಮನೆಯಲ್ಲಿ ತಾಯಿ ಇದ್ದಾರೆಂದುಕೊಂಡಿದ್ದೇನೆ. ಹಾಗಿದ್ದ ಮೇಲೆ ಹೂಂ ಅಂದರೆ ಏನು ಅಂತ ನಾನು ತಮಗೆ ಪಾಠ ಮಾಡಬೇಕೆ? ಒಬ್ಬರು ಮಾತಾಡುತ್ತಿದ್ದರೆ ಎದುರಿಗಿದ್ದವರು ಹೂಂ ಅನ್ನುತ್ತಾರೆ. ಮಾತಾಡುವವರು ಗೋಡೆಗೆ ಹೇಳುತ್ತಿಲ್ಲ ಅಂತ ತಿಳಿಯಲಿ ಎಂದು. ಮಗುವಿಗೆ ಕಥೆ ಹೇಳುವಾಗ ಅದು ಹೂಂಗುಡುತ್ತದೆ. ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಅಂದರೂ ಹೂಂ ಅನ್ನುತ್ತದೆ. ಅಂದರೆ ರಾಜಕುಮಾರಿಯನ್ನು ಹೊತ್ತುಕೊಂಡು ಹೋಗಲು ಮಗುವಿನ ಒಪ್ಪಿಗೆ ಇದೆ ಅಂತ ಅರ್ಥವೇ? ನನಗಿನ್ನೂ ನಿದ್ದೆ ಬಂದಿಲ್ಲ, ಮುಂದೆ ಹೇಳು ಅಂತ ಅರ್ಥ. ಅತ್ತೆ ಬೈಯುವಾಗ ಸೊಸೆ ಅನ್ನುವ ಹೂಂ ಒಂದು, ಬಾಗಿಲ ಹೊರಗಿನಿಂದ ಕೂಗಿದವರಿಗೆ ಒಳಗಿನಿಂದ ಅನ್ನುವ ಹೂಂ ಇನ್ನೊಂದು. ಒಪ್ಪಿ ಅನ್ನುವ ಹೂಂ ಬೇರೆಯೇ ಇದೆ. ಅದಕ್ಕೆ ತಲೆಯೂ ಆಡುತ್ತದೆ, ಮುಖವೂ ಅರಳುತ್ತದೆ, ಹಿಂದೆಯೇ ಒಂದು ಮಾತೂ ಬರುತ್ತದೆ. ತಾವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೇಲೆ ‘ಸರ್ವಾನುಮತ’ ಅಂತ ಚೀಟಿ ಅಂಟಿಸಿಕೊಂಡು ಹೋದಿರಿ.

ನನ್ನ ಕಷ್ಟವನ್ನೆಲ್ಲ ನಾನು ದಿನಾ ದೇವರ ಮುಂದೆ ಹೇಳಿಕೊಳ್ಳುತ್ತೇನೆ. ಅವನು ಒಂದು ದಿನವೂ ಹೂಂ ಅಂದವನಲ್ಲ, ಊಹೂಂ ಅಂದವನೂ ಅಲ್ಲ. ಹಾಗಂತ ನಾನು ಅವನ ಹೆಸರಲ್ಲಿ ಏನನ್ನೂ ಬರೆದುಕೊಂಡಿಲ್ಲ. ತಮಗೆ ಆ ಧೈರ್ಯ ಎಲ್ಲಿಂದ ಬಂತು?

ಆ ಸಭೆಯಲ್ಲಿ ಒಬ್ಬಳು ಮಾತ್ರ ಹೂಂ ಅನ್ನದೆ ಕೈ ಎತ್ತಿದಳು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸುವವಳು, ನಮ್ಮ ಪಕ್ಕದ ಮನೆಯವಳು. ಓಣಿಯವರೆಲ್ಲ ಅವಳನ್ನು ಖಾರಮ್ಮ ಅನ್ನುತ್ತೇವೆ. ಬಾಯಿ ಅಷ್ಟೇನೂ ಖಾರವಲ್ಲ, ಕೈ ಮಾತ್ರ. ಅವಳ ಮಗಳು ಗುಬ್ಬಿ ಅವತ್ತು ಅವಳ ತೊಡೆಯ ಮೇಲೆಯೇ ಇತ್ತು. ಖಾರಮ್ಮನ ಪ್ರಶ್ನೆ ನಾಲ್ಕು ಮಾತಿನದು: “ಸಾರ್, ಬಾಗ್ಲು ಎಷ್ಟೊತ್ತಿಗೆ ತೆಗೀತೀರಿ?”

ಕೇಳಿ ಮುಗಿಸಿದಳು, ಅಷ್ಟೇ. ತಾವು ನಗುತ್ತಾ, “ಪ್ರಶ್ನೆಗಳೆಲ್ಲ ಕೊನೇಲಮ್ಮ, ಕೊನೇಲಿ” ಅಂದಿರಿ. ಅವಳು ಕೈ ಇಳಿಸಲು ಹೋದಾಗ ತಮ್ಮ ಫೋಟೋದವನು, “ಅಕ್ಕಾ, ಕೈ ಹಾಗೇ ಇರ್ಲಿ, ಇಳಿಸ್ಬೇಡಿ, ಸ್ವಲ್ಪ ನಗಿ” ಅಂದ. ತನ್ನ ಸರದಿ ಬರುತ್ತದೆಂದು ತಿಳಿದು ಅವಳು ಕೈ ಹಾಗೇ ಹಿಡಿದುಕೊಂಡಿದ್ದಳು. ನಗಲೂ ನಕ್ಕಳು, ಪಾಪ. ಆಮೇಲೆ ಚಹಾ ಬಂತು, ಬಿಸ್ಕತ್ತು ಬಂತು, ತಮಗೆ ಫೋನು ಬಂತು. ಆ ಕೊನೆ ಮಾತ್ರ ಇವತ್ತಿನವರೆಗೆ ಬಂದಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಸೂಜಿಗೆ ದಾರ ಹಾಕುತ್ತಾ, “ಅಳತೆ ತಗೊಳ್ದೆ ಬಟ್ಟೆ ಕತ್ತರಿಸ್ತಾರೆ ಅನ್ನು” ಅಂದರು.

“ಸುಮ್ನಿರಿ, ಒಳ್ಳೆ ಕೆಲ್ಸ ಮಾಡೋರಿಗೆ ಕೊಂಕು ತೆಗೀಬೇಡಿ” ಅಂತ ನಾನೇ ಗದರಿದೆ. ತಮ್ಮ ಪರವಾಗಿ ಗಂಡನ ಬಾಯಿ ಮುಚ್ಚಿಸಿದವಳು ನಾನು. ಇದನ್ನೂ ತಮ್ಮ ಸಹಭಾಗಿತ್ವದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಟ್ಟಡ ಎದ್ದಿತು. ಚೆಂದವಾಗಿಯೇ ಇದೆ. ಗೋಡೆಯ ಮೇಲೆ ಆನೆ, ಸೇಬು, ಕಾಮನಬಿಲ್ಲು. ಒಳಗೆ ಮೆತ್ತನೆ ಹಾಸು. ಬಾಗಿಲಿಗೆ ನನ್ನ ಅಂಗೈಯಷ್ಟಗಲದ ಬೀಗ. ಆ ಬೀಗ ತೆಗೆಯುವುದು ಬೆಳಗ್ಗೆ ಹತ್ತು ಗಂಟೆಗೆ. ಸರಿಯಾಗಿ ಓದಿಕೊಳ್ಳಿ, ಸ್ವಾಮಿ. ತಾಯಂದಿರು ಕೆಲಸಕ್ಕೆ ಹೋಗುವ ಹೊತ್ತಿಗಲ್ಲ, ಕೆಲಸ ಮುಗಿಸಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ಹೊತ್ತಿಗೆ. ಮಕ್ಕಳನ್ನು ತಾಯಂದಿರಿಂದ ಕಾಪಾಡುವ ಕೇಂದ್ರವೇ ಇದು ಅಂತ ಓಣಿಯಲ್ಲಿ ತಮಾಷೆ ಹುಟ್ಟಿಕೊಂಡಿತು. ಬೀಗದ ಮನೆ ಅಂತ ಹೆಸರೂ ಬಿತ್ತು. ನಕ್ಕೆವು, ಯಾಕೆಂದರೆ ನನ್ನ ಜಗಲಿ ಇನ್ನೂ ಇತ್ತು.

ಅದನ್ನೂ ತಾವು ಬಿಡಲಿಲ್ಲ. ಯೋಜನೆಯ ವ್ಯಾಪ್ತಿಯಲ್ಲಿ ಅನಧಿಕೃತ ಶಿಶುಪಾಲನೆ ನಿಷಿದ್ಧ ಅಂತ ನನ್ನ ಬಾಗಿಲಿಗೆ ಕಾಗದ ಅಂಟಿತು. ಮಕ್ಕಳು ಇನ್ನೊಂದು ದಿನ ಜಗಲಿಯ ಮೇಲೆ ಕಂಡರೆ ಕೇಂದ್ರವನ್ನೇ ಓಣಿಯಿಂದ ಕಿತ್ತುಕೊಂಡು ಹೋಗುತ್ತೇವೆ, ಯಜಮಾನರ ಹೊಲಿಗೆ ಅಂಗಡಿಯ ಪರವಾನಗಿಯನ್ನೂ ವಿಚಾರಿಸಬೇಕಾಗುತ್ತದೆ ಅಂತ ತಮ್ಮವರು ಬಂದು ಬಾಯಿಮಾತಲ್ಲಿ ಹೇಳಿ ಹೋದರು. ಇಷ್ಟು ಮೃದುವಾಗಿ ಗದರಿಸುವುದನ್ನು ತಾವು ಯಾವ ತರಬೇತಿಯಲ್ಲಿ ಕಲಿತಿರಿ?

ನಾನು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ, ಸಹಭಾಗಿತ್ವದ ಬಗ್ಗೆಯೇ ಸಭೆಯಂತೆ. ಹೊರಗಿನ ಬೆಂಚಿನ ಮೇಲೆ ಕೂತೆ. ಫ್ಯಾನು ನನ್ನ ಕಡೆ ತಿರುಗುತ್ತಿರಲಿಲ್ಲ, ಗಿಡದ ಕುಂಡದ ಕಡೆ ಮಾತ್ರ ಬೀಸುತ್ತಿತ್ತು. ಕೊನೆಗೆ ತಮ್ಮ ಸಹಾಯಕಿ ಬಂದಳು. ನನ್ನ ಮಗಳ ವಯಸ್ಸು. ಕೆಟ್ಟವಳಲ್ಲ.

“ಹತ್ತು ಗಂಟೆಗೆ ತೆಗೆದ್ರೆ ಯಾರಿಗೆ ಉಪಯೋಗ ತಾಯಿ? ಮಾರ್ಕೆಟ್ಟು ಕತ್ತಲಲ್ಲೇ ಶುರುವಾಗುತ್ತೆ” ಅಂದೆ.

“ಸಭೇಲಿ ಸಮಯ ಓದಿ ಹೇಳಿದ್ವಲ್ಲಮ್ಮಾ. ಎಲ್ರೂ ಒಪ್ಪಿದ್ದೀರಿ.”

“ಯಾರು ಒಪ್ಪಿದ್ರು? ನಾನಂತೂ ಕೇಳಿಸ್ಕೊಂಡಿಲ್ಲ.”

“ನೀವೇ ಒಪ್ಪಿದ್ದೀರಿ. ಇರಿ, ಕೇಳಿಸ್ತೀನಿ.”

ಫೋನು ತೆಗೆದು ಒತ್ತಿದಳು. ಮೊದಲು ಚಹಾ ಲೋಟಗಳ ಸದ್ದು. ಆಮೇಲೆ ತಮ್ಮ ದನಿ. “ಕೇಂದ್ರದ ಸಮಯ ಹತ್ತರಿಂದ ಐದು, ಸಾಮಗ್ರಿಗಳ ಜವಾಬ್ದಾರಿ ಸಮಿತಿಯದು, ಅಧ್ಯಕ್ಷೆ ಇವರು” ಅಂತ ಒಂದೇ ಉಸಿರಿಗೆ ಓದಿ ಮುಗಿಸಿದಿರಿ. ಅದರ ಹಿಂದೆಯೇ ನನ್ನ ದನಿ: “ಹೂಂ.”

ಆ ಹೂಂ ನನಗೆ ನೆನಪಿದೆ. ಪಕ್ಕದಲ್ಲಿ ಒಬ್ಬಳು, “ದೊಡ್ಡಮ್ಮಾ, ನಿಂಗೊಂದು ಬಿಸ್ಕತ್ತು ಕೊಡ್ಲಾ?” ಅಂದಿದ್ದಳು. ಅದಕ್ಕೆ ಅಂದದ್ದು. ನಾನು ಅಧ್ಯಕ್ಷೆಯಾದದ್ದು ಒಂದು ಬಿಸ್ಕತ್ತಿಗೆ, ಮಾನ್ಯರೇ. ಅದೂ ಮೆತ್ತಗಾಗಿತ್ತು.

ಹೀಗೆ ಹೇಳಿದೆ. ಆ ಹುಡುಗಿಗೆ ನಗು ಬಂತು. ನಗು ತಡೆದುಕೊಂಡು, “ಈಗ ಬದಲಾಯಿಸೋಕೆ ಬರೋದಿಲ್ಲಮ್ಮಾ, ವರದಿ ಮೇಲಕ್ಕೆ ಹೋಗಿದೆ” ಅಂದಳು. ಮೇಲಕ್ಕೆ ಹೋದದ್ದು ಕೆಳಕ್ಕೆ ಬರುವುದಿಲ್ಲವಂತೆ. ಮಳೆ ಬರುತ್ತದೆ, ಎಸೆದ ಕಲ್ಲು ಬರುತ್ತದೆ, ತಮ್ಮ ವರದಿ ಮಾತ್ರ ಬರುವುದಿಲ್ಲ.

ಜಗಲಿ ಖಾಲಿಯಾಯಿತು. ಯಜಮಾನರು ಒಂದು ವಾರ ಅಭ್ಯಾಸಬಲದಿಂದ ಬರೀ ಚಕ್ರ ತುಳಿದರು, ಆಮೇಲೆ ಬಿಟ್ಟರು. ಹೆಂಗಸರು ದೊಡ್ಡ ಮಕ್ಕಳನ್ನು ಮಾರುಕಟ್ಟೆಗೇ ಎಳೆದುಕೊಂಡು ಹೋದರು. ತೀರಾ ಚಿಕ್ಕವನ್ನು ಮಲಗಿಸಿ, ಹೊರಗಿನಿಂದ ಬೀಗ ಹಾಕಿಕೊಂಡು ಹೋದರು. ‘ಮನೆಮನೆಯಲ್ಲಿ ಮಕ್ಕಳನ್ನು ಕೂಡಿಹಾಕುವುದು ಇನ್ನು ನಿಲ್ಲುತ್ತದೆ’ ಅಂದಿದ್ದಿರಲ್ಲ, ಶುರುವಾದದ್ದೇ ಆಗ.

ಗುಬ್ಬಿ ಎದ್ದದ್ದು ಬೆಳಕು ಹರಿಯುವ ಹೊತ್ತಿಗೆ. ಅಮ್ಮ ಬಂದು ಕುಡಿಯಲೆಂದು ಮಾಡಿಟ್ಟು ಹೋಗಿದ್ದ ಚಹಾದ ಫ್ಲಾಸ್ಕು ಕೈಗೆ ಸಿಕ್ಕಿದೆ. ಮುಚ್ಚಳ ತಿರುಗಿಸುವುದನ್ನು ಮಗು ನೋಡಿ ಕಲಿತಿತ್ತು. ನನಗೆ ಕಿರುಚಾಟ ಕೇಳಿತು. ಗೋಡೆಯ ಆಚೆಯೇ ಮನೆ. ಬಾಗಿಲಿಗೆ ಬೀಗ. ಒಳಗೆ ಮಗು “ದೊಡ್ಡಮ್ಮಾ” ಅನ್ನುತ್ತಿದೆ, ಹೊರಗೆ ನಾನು ಬಾಗಿಲು ಗುದ್ದುತ್ತಿದ್ದೇನೆ. ಯಜಮಾನರು ಇಸ್ತ್ರಿಪೆಟ್ಟಿಗೆ ತಂದು ಬೀಗಕ್ಕೆ ಹೊಡೆದರು, ಹೊಡೆದರು, ಹೊಡೆದರು. ಬೀಗ ಗಟ್ಟಿಯದು, ಮಗು ಜೋಪಾನವಾಗಿರಲಿ ಅಂತಲೇ ತಾಯಿ ಒಳ್ಳೆಯದನ್ನು ಕೊಂಡಿದ್ದಳು.

ಕೊನೆಗೆ ಚಿಲಕವೇ ಕಿತ್ತು ಬಂದ ಮೇಲೆ ಮಗುವನ್ನು ಆಸ್ಪತ್ರೆಗೆ ಒಯ್ದೆವು. ಸುದ್ದಿ ಮುಟ್ಟಿ ಖಾರಮ್ಮ ಮಾರುಕಟ್ಟೆಯಿಂದ ಅಲ್ಲಿಗೇ ಓಡಿ ಬಂದಳು. ಬಂದವಳು ಹಾಸಿಗೆಯಿಂದ ಅಷ್ಟು ದೂರದಲ್ಲೇ ನಿಂತುಬಿಟ್ಟಳು. ಮಗು ಇನ್ನೊಂದು ಕೈ ಚಾಚಿ ಅಮ್ಮಾ ಅನ್ನುತ್ತಿದೆ, ಇವಳು ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾಳೆ. ನರ್ಸು ಗದರಿದಳು, “ಎತ್ಕೊಳ್ರೀ, ಏನು ನೋಡ್ತಾ ನಿಂತಿದ್ದೀರಿ?”

“ಮೆಣಸಿನಕಾಯಿ ಕೈ, ಅಕ್ಕಾ” ಅಂದಳು. “ಮುಟ್ಟಿದ್ರೆ ಉರಿಯುತ್ತೆ.”

ಆ ಖಾರ ಸೋಪಿಗೆ ಹೋಗುವುದಿಲ್ಲ. ಬೆಂದ ಮಗುವನ್ನು ಅದರ ತಾಯಿ ಅವತ್ತು ಮುಟ್ಟಲಿಲ್ಲ. ನಾನು ಎತ್ತಿಕೊಂಡಿದ್ದೆ, ಅವಳು ನನ್ನ ಹಿಂದೆ ನಿಂತು ಮಗುವಿನ ನೆತ್ತಿಗೆ ಉಫ್ ಉಫ್ ಅಂತ ಊದುತ್ತಿದ್ದಳು. ಅದನ್ನು ನೋಡಲು ಫೋಟೋದವನು ಬಂದಿರಲಿಲ್ಲ.

ತಮ್ಮ ಕಚೇರಿಯಿಂದ ಮಾತ್ರ ಒಂದು ಕಾಗದ ಬಂತು. ಘಟನೆಗೆ ತಾಯಿಯ ನಿರ್ಲಕ್ಷ್ಯವೇ ಕಾರಣ, ಓಣಿಯ ತಾಯಂದಿರಿಗೆ ಮಕ್ಕಳ ಸುರಕ್ಷತೆಯ ಜಾಗೃತಿ ಶಿಬಿರ ಏರ್ಪಡಿಸಲಾಗಿದೆ, ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ಹಾಜರಿರತಕ್ಕದ್ದು. ಹತ್ತು ಗಂಟೆಯ ಮೇಲೆ ತಮಗೆ ಅದೇನು ಭಕ್ತಿಯೋ! ನಾನೂ ಭಕ್ತಿವಂತಳೇ, ಆದರೆ ನನ್ನ ದೇವರು ಕತ್ತಲಲ್ಲೂ ಬಾಗಿಲು ತೆಗೆಯುತ್ತಾನೆ.

ಅದರ ಜೊತೆಗೇ ತಮ್ಮ ಯೋಜನೆಯ ಹೊಳೆಯುವ ಪುಸ್ತಿಕೆ ಬಂತು. ಮುಖಪುಟದಲ್ಲಿ ಖಾರಮ್ಮ, ಎತ್ತಿದ ಕೈ, ತೊಡೆಯ ಮೇಲೆ ನಗುವ ಗುಬ್ಬಿ. ಕೆಳಗೆ ‘ನಿರ್ಧಾರ ಅವರದೇ’ ಎಂಬ ಬರಹ. ಖಾರಮ್ಮ ಅದನ್ನು ತುಂಬಾ ಹೊತ್ತು ನೋಡಿದಳು. “ದೊಡ್ಡಮ್ಮಾ, ಇದ್ರಲ್ಲಿ ಗುಬ್ಬಿ ಎರಡೂ ಕೈ ಚೆನ್ನಾಗಿದೆ ನೋಡು” ಅಂದಳು. ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಕ್ಷಮಿಸಬೇಕೆಂದು ಅವತ್ತು ದೇವರ ಮುಂದೆ ಕೂತೆ. ಮನಸ್ಸು ಬಾಗಲಿಲ್ಲ. ಎರಡನೇ ಸಲವೂ ಕೂತೆ. ಕ್ಷಮೆ ಕೇಳದವರನ್ನು ಕ್ಷಮಿಸಲು ಹೊರಟವಳು ನಾನೇನು ದೇವರಿಗಿಂತ ದೊಡ್ಡವಳೇ ಅನ್ನಿಸಿತು. ಎದ್ದುಬಿಟ್ಟೆ. ಅವತ್ತಿನಿಂದ ನಾನು ಕೇಳಿಕೊಳ್ಳುತ್ತಿರುವುದು ಬೇರೆ. ತಮಗೆ ರೋಗ ಬರಲಿ, ತಮ್ಮ ಮನೆ ಹಾಳಾಗಲಿ ಅಂತಲ್ಲ. ತಮಗೂ ಒಂದು ಸಹಭಾಗಿತ್ವ ಒದಗಲಿ ಅಂತ.

ನಾವು ತಮ್ಮ ಮನೆಗೆ ಬರುತ್ತೇವೆ, ಓಣಿಯ ಹೆಂಗಸರೆಲ್ಲ. ತಮ್ಮ ಹಾಲಿನಲ್ಲೇ ತಮ್ಮನ್ನು ನೆಲದ ಮೇಲೆ ಕೂರಿಸಿ ಸಭೆ ಮಾಡುತ್ತೇವೆ. ತಮ್ಮ ಅಡುಗೆಮನೆ ಎಲ್ಲಿರಬೇಕು, ತಮ್ಮ ಮಕ್ಕಳು ಎಷ್ಟೊತ್ತಿಗೆ ಏಳಬೇಕು, ತಮ್ಮ ತಾಯಿಯ ಮಂಚ ಯಾವ ಗೋಡೆಗಿರಬೇಕು ಅಂತ ಓದಿ ಹೇಳುತ್ತೇವೆ. ತಾವು ಕೆಮ್ಮಿದರೆ ಒಪ್ಪಿಗೆ, ಆಕಳಿಸಿದರೆ ಉತ್ಸಾಹ, ಬೇಡ ಎನ್ನಲು ಕೈ ಎತ್ತಿದರೆ ಸರ್ವಾನುಮತ. ಆಮೇಲೆ ತಮ್ಮ ಬಚ್ಚಲಿಗೆ ಬೀಗ ಜಡಿದು, ಹತ್ತು ಗಂಟೆಗೆ ತೆಗೆಯಲಾಗುವುದು ಅಂತ ಬೋರ್ಡು ಹಾಕುತ್ತೇವೆ. ತಾವು ಬಾಗಿಲ ಮುಂದೆ ಕಾಲು ಬದಲಿಸುತ್ತಾ ನಿಂತಿರುವಾಗ ಕೈಗೊಂದು ಬಿಸ್ಕತ್ತು ಕೊಡುತ್ತೇವೆ. ಮೆತ್ತಗಾದದ್ದು. ಇದನ್ನು ಯೋಚಿಸಿಕೊಂಡೇ ನಾನು ಈಚೆಗೆ ಪಾತ್ರೆ ತೊಳೆಯುವುದು. ಪಾತ್ರೆ ಬಹಳ ಹೊಳೆಯುತ್ತಿವೆ ಅಂತ ಯಜಮಾನರು ಅನ್ನುತ್ತಾರೆ.

ಇರಲಿ, ಇವತ್ತು ಉಪವಾಸ.

ಈಗ ತಮಗೆ ನೆರವು ಕೊಡುವ ದೊಡ್ಡವರು ಕೇಂದ್ರವನ್ನು ನೋಡಲು ಬರುತ್ತಿದ್ದಾರಂತೆ. ಅವರೆದುರು ಕೇಂದ್ರವನ್ನು ‘ಸಮುದಾಯಕ್ಕೆ ಹಸ್ತಾಂತರ’ ಮಾಡುತ್ತೀರಂತೆ. ಮಕ್ಕಳ ಮುಖ ತೊಳೆಸಿ ಕರೆದುಕೊಂಡು ಬರಬೇಕಂತೆ. ಅಧ್ಯಕ್ಷೆಯಾದ ನಾನು ಓದಬೇಕಾದ ಭಾಷಣವನ್ನೂ ತಾವೇ ಬರೆದು ಕಳಿಸಿದ್ದೀರಿ. ಅದರಲ್ಲಿ ‘ನಮ್ಮ ಕನಸು ನನಸಾಯಿತು’ ಅಂತಿದೆ. ಕತ್ತಲಲ್ಲಿ ಎದ್ದು ಹೋಗುವವರಿಗೆ ಕನಸು ಬೀಳುವಷ್ಟು ನಿದ್ದೆ ಎಲ್ಲಿದೆ ಅಂತ ಬರೆಯುವಾಗ ತಮಗೆ ಹೊಳೆಯಲಿಲ್ಲವೇ?

ಭಾಷಣ ಓದುವುದಿಲ್ಲ. ಅವರೆದುರು ತಾವೇ ಮಾತಾಡಿ. ಈ ಜನರೇ ಯೋಚಿಸಿದರು, ಈ ಜನರೇ ನಡೆಸುತ್ತಾರೆ ಅಂತ ತಾವು ಕಥೆ ಹೇಳುವಾಗ ಓಣಿಯ ಹೆಂಗಸರೆಲ್ಲ ಎದುರಿಗೇ ಕೂತಿರುತ್ತೇವೆ. ಒಬ್ಬಳೂ ಹೂಂ ಅನ್ನುವುದಿಲ್ಲ. ಹೂಂಗುಡುವವರಿಲ್ಲದೆ ಕಥೆ ಹೇಳಿ ತಮಗೆ ಅಭ್ಯಾಸವಿದೆಯೇ? ಬಹಳ ಕಷ್ಟ. ಮೂರನೇ ಮಾತಿಗೆ ನಾಲಿಗೆ ಒಣಗುತ್ತದೆ, ಕೇಳುವವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಯಲ್ಲಿ, “ಎಲ್ರಿಗೂ ಒಪ್ಪಿಗೆ ತಾನೇ?” ಅಂತ ಕೇಳಿಯೇ ಕೇಳುತ್ತೀರಿ. ಆಗ ಗುಬ್ಬಿ ಸೇರಿದಂತೆ ಎಲ್ಲರೂ ಒಟ್ಟಿಗೆ ಊಹೂಂ ಅನ್ನುತ್ತೇವೆ. ಗುಬ್ಬಿಗೆ ಹೇಳಿಕೊಡಬೇಕಾಗಿಯೂ ಬರಲಿಲ್ಲ. ಬ್ಯಾಂಡೇಜು ಬಿಚ್ಚಿದ ದಿನದಿಂದ ಅದಕ್ಕೆ ಅದೊಂದೇ ಮಾತು.

ಇದನ್ನು ತಪ್ಪಿಸಿಕೊಳ್ಳಲು ತಮಗೆ ದಾರಿಯಿದೆ, ಮುಚ್ಚಿಡುವುದಿಲ್ಲ. ಹಸ್ತಾಂತರ ಅಂದಿರಲ್ಲ, ಭಾಷಣದ ಕಾಗದ ಬೇಡ, ಬೀಗದ ಕೈ ಕೊಡಿ. ಬಾಗಿಲು ಎಷ್ಟೊತ್ತಿಗೆ ತೆಗೆಯಬೇಕು, ಒಳಗೆ ಯಾರಿರಬೇಕು ಎಂಬುದನ್ನು ಮಾರುಕಟ್ಟೆಗೆ ಹೋಗುವವರೇ ಕೂತು ತೀರ್ಮಾನಿಸುತ್ತಾರೆ. ತಮ್ಮ ತರಬೇತಿಯ ಹುಡುಗಿಯರೂ ಬರಲಿ, ಬೇಡ ಅನ್ನುವುದಿಲ್ಲ, ಕತ್ತಲಲ್ಲಿ ಬರಲಿ. ಮುಖಪುಟದ ಆ ಫೋಟೋದ ಕೆಳಗಿನ ಬರಹವನ್ನು ಅಳಿಸಿ, ಅವಳು ಕೇಳಿದ ನಾಲ್ಕು ಮಾತನ್ನು ಅಚ್ಚು ಹಾಕಿಸಿ. ‘ತಾಯಿಯ ನಿರ್ಲಕ್ಷ್ಯ’ ಎಂಬ ಕಾಗದವನ್ನು ತಾವೇ ಬಂದು, ಅವಳ ಎದುರು ನಿಂತು ಹರಿಯಿರಿ. ಬಂದಾಗ ಅವಳ ಕೈ ಕುಲುಕಿ, ಆಮೇಲೆ ಅದೇ ಕೈಯಲ್ಲಿ ತಮ್ಮ ಕಣ್ಣು ಉಜ್ಜಿಕೊಳ್ಳಿ ಅಂತ ನನಗೊಂದು ಆಸೆಯಿದೆ. ಅದು ಬೇಡಿಕೆಯಲ್ಲ.

ನಾಳೆಯಿಂದ ಮಾತ್ರ ನನ್ನ ಜಗಲಿ ತೆರೆದಿರುತ್ತದೆ. ಯಜಮಾನರು ಮಿಷನ್ನಿಗೆ ಎಣ್ಣೆ ಬಿಟ್ಟಿದ್ದಾರೆ. ಪರವಾನಗಿ ವಿಚಾರಿಸುವವರು ಬರಲಿ. ಮಕ್ಕಳು ಮಲಗಿರುತ್ತವೆ, ಮೆಲ್ಲಗೆ ಬರಲಿ.

ಇನ್ನು ಉತ್ತರದ ವಿಷಯ. ಸಮಿತಿಗೆ ಬರುವ ಟಪಾಲನ್ನೆಲ್ಲ ತಮ್ಮವರು ಬೀಗದ ಮನೆಯ ಒಳಗಿನ ಪೆಟ್ಟಿಗೆಗೆ ಹಾಕುತ್ತಾರೆ, ಅದರ ಕೈ ಅಧ್ಯಕ್ಷೆಯ ಹತ್ತಿರವಿಲ್ಲ. ಆದ್ದರಿಂದ ಇದನ್ನು ಓದುತ್ತಿರುವ ಓದುಗರಲ್ಲೇ ಕೇಳಿಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಾದರೂ ಆ ಕಚೇರಿಯ ಕಡೆ ಹೋಗುವವರಿದ್ದರೆ ಒಳಗೆ ಹೋಗಿ, ಆ ಜಗಲಿಯ ಹೆಂಗಸಿಗೆ ಉತ್ತರ ಕೊಡ್ತೀರಾ ಅಂತ ಸಾಹೇಬರನ್ನು ಕೇಳಿ, ಕೊಟ್ಟದ್ದನ್ನು ತಂದು ಕೊಡಿ. ಪುಣ್ಯ ಬರುತ್ತದೆ. ಅವರು ಹೂಂ ಅಂದರೆ ಅಷ್ಟಕ್ಕೇ ತಿರುಗಿ ಬರಬೇಡಿ. ಯಾವ ಹೂಂ ಅಂತ ಕೇಳಿಕೊಂಡು ಬನ್ನಿ.

ಇಂತಿ,
ಒಂದು ಮೆತ್ತನೆಯ ಬಿಸ್ಕತ್ತಿಗೆ ಸರ್ವಾನುಮತದಿಂದ ಆಯ್ಕೆಯಾದ,
ಬೀಗದ ಕೈ ಇಲ್ಲದ ಅಧ್ಯಕ್ಷೆ